ಸಿಮ್ಯುಲೇಟರಿಗೊಂದು ಎಚ್‌ಟಿ-2: ಹಳೆಯ ವಿಮಾನವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆ

ಬೀದರಿನವರಿಗೆ ವಿಮಾನದ ಸದ್ದು ಹೊಸದೇನಲ್ಲ. ವಾಯುಪಡೆಯ ತರಬೇತಿ ನೆಲೆ ಊರಿಗೆ ಅಂಟಿಕೊಂಡೇ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿ, 2008ರಲ್ಲಿ ಹಾಕ್ ಜೆಟ್‌ಗಳು ವಾಯುಪಡೆಗೆ ಸೇರಿದ್ದೂ ಇಲ್ಲೇ. ಅದಕ್ಕೂ ಹಿಂದಿನ ಕಾಲದಲ್ಲಿ ಇಲ್ಲಿನ ಪ್ರಾಥಮಿಕ ಹಾರಾಟ ಶಾಲೆಯ ಹುಡುಗರು ಕೈ ಪಳಗಿಸಿಕೊಂಡದ್ದು ಎಚ್‌ಟಿ-2 ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನದಲ್ಲಿ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿದ, ಪೂರಾ ಲೋಹದ, ಕೆಳರೆಕ್ಕೆಯ ತರಬೇತಿ ವಿಮಾನ ಅದು. ಮುಂದೆ ಶಿಷ್ಯ, ಹಿಂದೆ ಗುರು ಎಂಬಂತೆ ಒಂದರ ಹಿಂದೊಂದು ಎರಡು ಆಸನ. ಬಾಲದ ಕೆಳಗೆ ಸಣ್ಣ ಗಾಲಿ. ಅಂಥ 12 ವಿಮಾನಗಳನ್ನು ಘಾನಾ ದೇಶದ ವಾಯುಪಡೆಯೂ ಕೊಂಡುಕೊಂಡಿತ್ತು. ನಮ್ಮಲ್ಲೇ ಕಲ್ಪಿಸಿ, ನಮ್ಮಲ್ಲೇ ಕಟ್ಟಿದ ಈ ವಿಮಾನವನ್ನು ಇವತ್ತಿನ ಹುಡುಗರು ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ಹಾರುವುದನ್ನು ನೋಡಿಲ್ಲ.

ಫ್ಲೈಟ್ ಸಿಮ್ಯುಲೇಟರಿನಲ್ಲಿ, ಅಂದರೆ ಹಾರಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ ಮಾತ್ರ ಅದನ್ನು ಮತ್ತೆ ಹಾರಿಸಬಹುದು. ಯಾರೂ ಕಾಸು ಕೊಡಬೇಕಿಲ್ಲದ ಹಾಗೆ, ಎಲ್ಲರಿಗೂ ಹಂಚುವ ಹಾಗೆ ಕಟ್ಟಬಹುದು. ಆದರೆ ಕಟ್ಟುವುದು ಎಂದರೇನು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಚಿತ್ರ ಬಿಡಿಸಿದರೆ ಆಯಿತು, ಹಾರುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದುಕೊಂಡಿರುತ್ತಾರೆ. ಚಿತ್ರದ ಕೆಲಸ ಅರ್ಧ ಮಾತ್ರ, ಅದೂ ಸುಲಭದ ಅರ್ಧ. ಹಳೆಯ ವಿಮಾನದ ಬಗ್ಗೆ ಉಳಿದಿರುವ ನಾಲ್ಕಾರು ಅಂಕಿಗಳನ್ನು ಹಿಡಿದುಕೊಂಡು, ಅವು ಒಂದಕ್ಕೊಂದು ತಾಳೆಯಾಗುವವರೆಗೆ ಲೆಕ್ಕ ಹಾಕುವುದೇ ನಿಜವಾದ ಕೆಲಸ. ಆ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೈಯಲ್ಲಿ ಏನಿದೆ

ಎಚ್‌ಟಿ-2 ಬಗ್ಗೆ ಪ್ರಕಟವಾಗಿರುವ ಮುಖ್ಯ ಅಂಕಿಗಳು ಒಂದು ಅಂಗೈಯಗಲದ ಕಾಗದದಲ್ಲಿ ಹಿಡಿಸುತ್ತವೆ. ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್. ಉದ್ದ 7.53 ಮೀಟರ್. ರೆಕ್ಕೆಯ ವಿಸ್ತೀರ್ಣ 16 ಚದರ ಮೀಟರ್. ಗರಿಷ್ಠ ತೂಕ 1,016 ಕಿಲೋ. ಎಂಜಿನ್ 155 ಅಶ್ವಶಕ್ತಿಯ ಬ್ಲ್ಯಾಕ್‌ಬರ್ನ್ ಸಿರಸ್ ಮೇಜರ್. ಗರಿಷ್ಠ ವೇಗ ಗಂಟೆಗೆ 209 ಕಿ.ಮೀ., ಏರುವ ದರ ನಿಮಿಷಕ್ಕೆ ಸುಮಾರು 800 ಅಡಿ. ಜೊತೆಗೆ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ತೋರಿಸುವ ಮೂರು ನೋಟದ ನಕ್ಷೆ, ಒಂದಷ್ಟು ಕಪ್ಪುಬಿಳುಪು ಫೋಟೋಗಳು.

ನಕ್ಷೆಯನ್ನು ಕಣ್ಣು ಮುಚ್ಚಿ ನಂಬಬಾರದು. ಪುಸ್ತಕದಿಂದ ಸ್ಕ್ಯಾನ್ ಆದ ಹಾಳೆ ಒಂದು ದಿಕ್ಕಿಗೆ ಹಿಗ್ಗಿರುತ್ತದೆ, ಮಡಿಕೆಯ ಹತ್ತಿರ ಬಾಗಿರುತ್ತದೆ. ಮೊದಲ ಪರೀಕ್ಷೆ ಸರಳವಾದದ್ದು. 10.72ನ್ನು 7.53ರಿಂದ ಭಾಗಿಸಿದರೆ 1.42 ಬರುತ್ತದೆ. ನಕ್ಷೆಯ ಮೇಲೆ ಅಳೆದಾಗಲೂ ರೆಕ್ಕೆಗೂ ಉದ್ದಕ್ಕೂ ಅದೇ ಅನುಪಾತ ಬರಬೇಕು. ಬರದಿದ್ದರೆ ಚಿತ್ರವನ್ನು ಸರಿಪಡಿಸಿಕೊಂಡೇ ಮುಂದೆ ಹೋಗಬೇಕು. ಎರಡನೆಯ ಪರೀಕ್ಷೆ ವಿಸ್ತೀರ್ಣದ್ದು. 16ನ್ನು 10.72ರಿಂದ ಭಾಗಿಸಿದರೆ ರೆಕ್ಕೆಯ ಸರಾಸರಿ ಅಗಲ 1.49 ಮೀಟರ್. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದಾದ ರೆಕ್ಕೆಯನ್ನು ನಕ್ಷೆಯಿಂದ ಅಳೆದು ಸರಾಸರಿ ತೆಗೆದರೆ ಅದರ ಆಸುಪಾಸಿನಲ್ಲೇ ಇರಬೇಕು. ಈ ಎರಡೂ ಕೂಡಿಬಂದ ಮೇಲೆಯೇ ಕಂಪ್ಯೂಟರಿನಲ್ಲಿ ಗೆರೆ ಎಳೆಯಲು ಕೈಹಚ್ಚಬೇಕು.

ಫೋಟೋಗಳ ತೊಂದರೆ ಬೇರೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ದೊಡ್ಡದಾಗಿ, ಬಾಲ ಸಣ್ಣದಾಗಿ ಕಾಣುತ್ತದೆ. ಅದರಿಂದ ಅಳತೆ ತೆಗೆಯುವುದು ಬೇಡ. ಆಕಾರದ ಗುಣವನ್ನು ಮಾತ್ರ ತೆಗೆದುಕೊಳ್ಳಿ: ಮೂಗಿನ ಹೊದಿಕೆ ಎಲ್ಲಿ ದುಂಡಗಾಗುತ್ತದೆ, ರೆಕ್ಕೆ ಮೈಗೆ ಸೇರುವ ಜಾಗ ಹೇಗೆ ತುಂಬಿಕೊಂಡಿದೆ, ಅಂಥದ್ದು. ಸಾಧ್ಯವಿದ್ದವರು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಆ ಕಾರ್ಖಾನೆಯ ಹಳೆಯ ವಿಮಾನಗಳ ಸುತ್ತ ನಡೆದಾಡಿ ಬರಬೇಕು. ತಗಡನ್ನು ಹೇಗೆ ಜೋಡಿಸುತ್ತಿದ್ದರು, ರಿವೆಟ್ ಸಾಲು ಎಷ್ಟು ಒತ್ತಾಗಿರುತ್ತಿತ್ತು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಮಾತು ಬೀದರಿನವರಿಗೇ ಹೇಳಬೇಕಾದದ್ದು: ಇಲ್ಲಿನದು ರಕ್ಷಣಾ ನೆಲೆ. ಬೇಲಿಯ ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲುವ ಉತ್ಸಾಹ ಬೇಡ. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಆಕಾರ ಮತ್ತು ಮೈಬಣ್ಣ

ಆಕಾರ ಕಟ್ಟಲು ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಸಾಕು. ಸಣ್ಣ ಸಣ್ಣ ಚಪ್ಪಟೆ ಮುಖಗಳನ್ನು ಜೋಡಿಸಿ ಮೇಲ್ಮೈ ಮಾಡುವುದು ಅದರ ಕ್ರಮ. ಮುಖಗಳು ಹೆಚ್ಚಾದಷ್ಟೂ ನಯ ಹೆಚ್ಚು, ಕಂಪ್ಯೂಟರಿಗೆ ಭಾರವೂ ಹೆಚ್ಚು. ಆದ್ದರಿಂದ ಕಣ್ಣು ನಿಲ್ಲುವ ಕಡೆ ಧಾರಾಳವಾಗಿರಬೇಕು, ಉಳಿದ ಕಡೆ ಬಿಗಿಯಾಗಿರಬೇಕು. ಮೂಗು, ಗಾಜಿನ ಚೌಕಟ್ಟು, ರೆಕ್ಕೆಯ ಮುಂಚೂಣಿ ಅಂಚು, ಇವು ದುಂಡಗೆ ಕಾಣದಿದ್ದರೆ ಇಡೀ ವಿಮಾನ ರಟ್ಟಿನ ಆಟಿಕೆಯಂತೆ ಕಾಣುತ್ತದೆ. ಹೊಟ್ಟೆಯ ಕೆಳಭಾಗಕ್ಕೆ ಅಷ್ಟು ಬೇಕಿಲ್ಲ.

ಚಲಿಸುವ ಪ್ರತಿಯೊಂದು ಭಾಗವನ್ನೂ ಬೇರೆ ಬೇರೆ ವಸ್ತುವಾಗಿಯೇ ಕಟ್ಟಬೇಕು. ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ತುದಿಯ ಏಲರಾನ್, ಮೂಗನ್ನು ಏರಿಸಿ ಇಳಿಸುವ ಬಾಲದ ಎಲಿವೇಟರ್, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಗಾಲಿ, ಪ್ರೊಪೆಲ್ಲರ್, ಕಾಕ್‌ಪಿಟ್ಟಿನಲ್ಲಿ ಪೈಲಟ್ ಹಿಡಿಯುವ ಕಡ್ಡಿ, ಮೀಟರುಗಳ ಮುಳ್ಳುಗಳು, ಎಲ್ಲಕ್ಕೂ ಒಂದೊಂದು ಹೆಸರು, ಒಂದೊಂದು ತಿರುಗುವ ಅಕ್ಷ. ಅಕ್ಷ ತಪ್ಪಾದರೆ ಏಲರಾನ್ ತಿರುಗುವಾಗ ರೆಕ್ಕೆಯೊಳಗೆ ಹೊಕ್ಕುಬಿಡುತ್ತದೆ. ಕಡಿದಾಗಿ ಕಿರಿದಾಗುವ ರೆಕ್ಕೆಯಲ್ಲಿ ಕೀಲಿನ ಗೆರೆ ಓರೆಯಾಗಿರುತ್ತದೆ, ಹಾಗಾಗಿ ಅದರ ಎರಡು ತುದಿಗಳ ಸ್ಥಾನವನ್ನು ಅಳೆದು ಕೊಡುವುದೇ ಸರಿಯಾದ ದಾರಿ. ಪ್ರೊಪೆಲ್ಲರಿಗೆ ಎರಡು ರೂಪ ಬೇಕು: ನಿಂತಾಗ ಅಲಗುಗಳು, ಜೋರಾಗಿ ತಿರುಗುವಾಗ ಮಸುಕಾದ ಪಾರದರ್ಶಕ ತಟ್ಟೆ. ಸುತ್ತು ಏರಿದಂತೆ ಒಂದು ಮರೆಯಾಗಿ ಇನ್ನೊಂದು ಕಾಣಿಸಿಕೊಳ್ಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಈಗಿನ ಸಿಮ್ಯುಲೇಟರುಗಳು ಬರೀ ಬಣ್ಣ ಕೇಳುವುದಿಲ್ಲ. ಪ್ರತಿ ಬಿಂದುವಿಗೂ ಮೂರು ಪ್ರಶ್ನೆ ಕೇಳುತ್ತವೆ: ನಿನ್ನ ಬಣ್ಣ ಯಾವುದು, ನೀನು ಲೋಹವೋ ಅಲ್ಲವೋ, ನಿನ್ನ ಮೈ ನುಣುಪೋ ಒರಟೋ. ಬೀದರಿನಲ್ಲಿ ಇದನ್ನು ವಿವರಿಸುವುದು ಸುಲಭ, ಒಂದು ಬಿದ್ರಿ ಹೂಜಿಯನ್ನು ಬೆಳಕಿಗೆ ಹಿಡಿದರೆ ಸಾಕು. ಕಪ್ಪಾದ ಮೈ ಬೆಳಕನ್ನು ನುಂಗುತ್ತದೆ, ಕೂರಿಸಿದ ಬೆಳ್ಳಿಯ ಎಳೆ ಮಾತ್ರ ಎದುರಿನ ಕಿಟಕಿಯನ್ನು ಮರಳಿ ತೋರಿಸುತ್ತದೆ. ಎರಡರ ಮೇಲೂ ಬೀಳುತ್ತಿರುವುದು ಒಂದೇ ಬೆಳಕು, ತಿರುಗಿ ಬರುವ ಬಗೆ ಬೇರೆ. ವಿಮಾನದಲ್ಲೂ ಹಾಗೆಯೇ. ಅಲ್ಯೂಮಿನಿಯಂ ತಗಡಿನ ಮೇಲೆ ಬಣ್ಣ ಹೊಡೆದಿದ್ದರೆ ಆ ಜಾಗ ಲೋಹವಲ್ಲ ಎಂದೇ ಗುರುತಿಸಬೇಕು, ಏಕೆಂದರೆ ಬೆಳಕಿಗೆ ಮೊದಲು ಸಿಗುವುದು ಬಣ್ಣ. ಬಣ್ಣ ಸವೆದು ತಗಡು ಹೊರಬಿದ್ದ ಚುಕ್ಕೆಯಲ್ಲಿ ಮಾತ್ರ ಲೋಹ.

ಆ ಚುಕ್ಕೆಗಳು ಎಲ್ಲಿ ಬೀಳುತ್ತವೆ ಎಂಬುದನ್ನು ವಿಮಾನದ ಮೈ ಮುಟ್ಟಿ ಕೆಲಸ ಮಾಡಿದವರನ್ನೇ ಕೇಳಬೇಕು. ನಮ್ಮ ಓಣಿಯಲ್ಲಿ ಸಣ್ಣ ವಿಮಾನಗಳ ರಿಪೇರಿ ಮಾಡಿ ನಿವೃತ್ತರಾದ ಫಿಟ್ಟರ್ ಕಾಕಾ ಒಬ್ಬರಿದ್ದಾರೆ. ಪರದೆಯ ಮೇಲಿನ ಹೊಸ ಬಣ್ಣದ ಮಾದರಿಯನ್ನು ಅವರು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ತಮ್ಮಾ, ಭಾಳ ಛಂದ ಮಾಡಿದಿ. ಆದ್ರ ರೆಕ್ಕಿ ಮ್ಯಾಲ ಯಾರೂ ಕಾಲೇ ಇಟ್ಟಂಗಿಲ್ಲಲ್ಲ?" ಎಂದರು. ಕೆಳರೆಕ್ಕೆಯ ವಿಮಾನಕ್ಕೆ ಪೈಲಟ್ ಹತ್ತುವುದೇ ರೆಕ್ಕೆಯ ಬುಡದ ಮೇಲೆ ಕಾಲಿಟ್ಟು. ಬೂಟಿನ ಉಜ್ಜಿಗೆ ಮೊದಲು ಬಣ್ಣ ಹೋಗುವುದು ಅಲ್ಲಿ. ಆಮೇಲೆ ಮೂಗಿನ ಹೊದಿಕೆಯ ಕೊಂಡಿಗಳ ಸುತ್ತ, ಸ್ಕ್ರೂಡ್ರೈವರ್ ಜಾರಿ ಗೀಚಿದ ಕಡೆ. ಹೊಗೆಕೊಳವೆಯ ಹಿಂದೆ ಮಸಿ, ಹೊಟ್ಟೆಯ ಕೆಳಗೆ ಎಣ್ಣೆಯ ಜಿಡ್ಡು, ಗಾಲಿಯ ಹಿಂದೆ ರೆಕ್ಕೆಯಡಿ ಕೆಂಪು ಮಣ್ಣು. ಬೀದರಿನ ಜಂಬಿಟ್ಟಿಗೆ ಮಣ್ಣಿನ ಮೇಲೆ ಓಡಾಡುವ ಏನೇ ಆಗಲಿ ಕೆಂಪಾಗದೆ ಉಳಿಯುವುದಿಲ್ಲ. ಗೀರುಗಳನ್ನು ಕಂಡಕಂಡ ಕಡೆ ಉದುರಿಸುವುದು ಸುಲಭ, ಬಹಳ ಜನ ಹಾಗೇ ಮಾಡುತ್ತಾರೆ. ಪ್ರತಿ ಗೀರಿಗೂ ಒಂದು ಕಾರಣ ಇರಬೇಕು ಎಂಬುದು ನನ್ನ ಹಟ.

ಹಾರುವ ಲೆಕ್ಕ

ಈಗ ಮುಖ್ಯ ಭಾಗ. ಸಿಮ್ಯುಲೇಟರುಗಳು ಹಾರಾಟವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತವೆ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ರೆಕ್ಕೆಯನ್ನೂ ಪ್ರೊಪೆಲ್ಲರನ್ನೂ ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಟ್ಟಿಯ ಮೇಲೂ ಗಾಳಿಯ ಬಲ ಎಷ್ಟು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಕೂಡಿಸುತ್ತದೆ. ಆಕಾರವನ್ನು ಸರಿಯಾಗಿ ಕೊಟ್ಟರೆ ಹಾರಾಟದ ಬಹುಪಾಲು ಗುಣ ತಾನಾಗಿಯೇ ಬರುತ್ತದೆ. ಫ್ಲೈಟ್‌ಗಿಯರ್ ಎಂಬ ಮುಕ್ತ ಸಿಮ್ಯುಲೇಟರಿನಲ್ಲಿ ಹಾರಾಟದ ಲೆಕ್ಕಕ್ಕೆ ಬಳಸುವ ಜೆಎಸ್‌ಬಿಸಿಮ್ ಎಂಬ ತಂತ್ರಾಂಶ ಹಾಗಲ್ಲ, ಅದು ಗುಣಾಂಕಗಳನ್ನು ಕೇಳುತ್ತದೆ. ರೆಕ್ಕೆ ಇಷ್ಟು ಡಿಗ್ರಿ ಮೇಲೆದ್ದಾಗ ಎತ್ತುವ ಬಲದ ಗುಣಾಂಕ ಎಷ್ಟು, ಗಾಳಿಯ ತಡೆಯ ಗುಣಾಂಕ ಎಷ್ಟು ಎಂದು ಕೋಷ್ಟಕ ಬರೆದುಕೊಡಬೇಕು. ನನಗೆ ಎರಡನೆಯದೇ ಇಷ್ಟ. ಪ್ರತಿ ಅಂಕಿಯೂ ಓದಬಹುದಾದ ಪಠ್ಯ ಕಡತದಲ್ಲಿ ಕಣ್ಣೆದುರು ಇರುತ್ತದೆ, ಇದು ಎಲ್ಲಿಂದ ಬಂತು ಎಂದು ಯಾರು ಬೇಕಾದರೂ ಕೇಳಬಹುದು.

ಮೂಲ ಸೂತ್ರ ಒಂದೇ. ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ, ಗುಣಾಂಕ, ಈ ನಾಲ್ಕನ್ನೂ ಗುಣಿಸಿದರೆ ಬಲ. ಎತ್ತುವ ಬಲಕ್ಕೆ ಒಂದು ಗುಣಾಂಕ, ತಡೆಗೆ ಇನ್ನೊಂದು. ಎಚ್‌ಟಿ-2ರ ತಡೆಯ ಗುಣಾಂಕ ಯಾವ ಕೈಪಿಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಗರಿಷ್ಠ ವೇಗ ಗೊತ್ತಿದೆಯಲ್ಲ, ಅದು ಆ ಅಂಕಿಯೊಳಗೇ ಅಡಗಿದೆ.

ಹೀಗೆ. 155 ಅಶ್ವಶಕ್ತಿ ಎಂದರೆ ಸುಮಾರು 115.6 ಕಿಲೋವಾಟ್. ಪ್ರೊಪೆಲ್ಲರ್ ಅದರಲ್ಲಿ ಶೇ 80ರಷ್ಟನ್ನು ತಳ್ಳುವ ಕೆಲಸಕ್ಕೆ ಬಳಸುತ್ತದೆ ಎಂದಿಟ್ಟುಕೊಂಡರೆ 92.5 ಕಿಲೋವಾಟ್. ಗಂಟೆಗೆ 209 ಕಿ.ಮೀ. ಎಂದರೆ ಸೆಕೆಂಡಿಗೆ 58 ಮೀಟರ್. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ತಳ್ಳುವ ಬಲ, ಸುಮಾರು 1,590 ನ್ಯೂಟನ್. ಗರಿಷ್ಠ ವೇಗದಲ್ಲಿ ವಿಮಾನ ಇನ್ನು ಹೆಚ್ಚು ವೇಗ ಪಡೆಯುವುದಿಲ್ಲ, ಅಂದರೆ ತಳ್ಳುವ ಬಲವೂ ಗಾಳಿಯ ತಡೆಯೂ ಸರಿಸಮ. ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋ. ಸೂತ್ರಕ್ಕೆ ಹಾಕಿದರೆ ತಡೆಯ ಗುಣಾಂಕ 0.048 ಬರುತ್ತದೆ. ಇದರಲ್ಲಿ ಸ್ವಲ್ಪ ಪಾಲು ರೆಕ್ಕೆ ಭಾರ ಎತ್ತುವುದಕ್ಕಾಗಿ ತೆರುವ ಬೆಲೆ. ಈ ವೇಗದಲ್ಲಿ ಅದು 0.005ರಷ್ಟು. ಉಳಿದ 0.043 ಮೈ, ಗಾಲಿ, ಕಾಲು, ಗಾಜು ಎಲ್ಲ ಸೇರಿ ಗಾಳಿಗೆ ಒಡ್ಡುವ ತಡೆ.

ಸಿಕ್ಕಿತು ಎಂದು ಇಲ್ಲಿಗೆ ಬಿಡುವ ಹಾಗಿಲ್ಲ, ಇದನ್ನು ಬೇರೆ ಅಂಕಿಯ ಜೊತೆ ತಾಳೆ ನೋಡಬೇಕು. ಏರುವ ದರ ನಿಮಿಷಕ್ಕೆ 800 ಅಡಿ, ಅಂದರೆ ಸೆಕೆಂಡಿಗೆ 4 ಮೀಟರಿಗಿಂತ ಒಂದು ಚೂರು ಹೆಚ್ಚು. 1,016 ಕಿಲೋ ತೂಕವನ್ನು ಆ ದರದಲ್ಲಿ ಎತ್ತಲು 40 ಕಿಲೋವಾಟ್ ಮಿಗತೆ ಶಕ್ತಿ ಬೇಕು. ಗಂಟೆಗೆ 115 ಕಿ.ಮೀ. ವೇಗದಲ್ಲಿ ಏರುತ್ತಿದೆ ಎಂದುಕೊಂಡು, ಆಗಲೇ ಕಂಡುಕೊಂಡ ಗುಣಾಂಕದಿಂದ ಲೆಕ್ಕ ಹಾಕಿದರೆ ತಡೆಯನ್ನು ಮೀರಲು ಇನ್ನೊಂದು 31 ಕಿಲೋವಾಟ್. ಒಟ್ಟು 71 ಅಥವಾ 72. ಎಂಜಿನ್ ಕೊಡುವ 115.6ರಲ್ಲಿ ಇದು ಶೇ 62. ಅಲಗಿನ ಕೋನ ಬದಲಾಗದ ಪ್ರೊಪೆಲ್ಲರ್ ವೇಗದ ಹಾರಾಟಕ್ಕೆ ಹೊಂದಿಕೊಂಡಿದ್ದರೆ, ನಿಧಾನವಾಗಿ ಏರುವಾಗ ಎಂಜಿನ್ ಪೂರ್ತಿ ಸುತ್ತು ಹಿಡಿಯುವುದಿಲ್ಲ, ಅಲಗಿನ ದಕ್ಷತೆಯೂ ಇಳಿಯುತ್ತದೆ. ಶೇ 62 ಅಂಥ ಪ್ರೊಪೆಲ್ಲರಿಗೆ ನಂಬಬಹುದಾದ ಅಂಕಿ. ಒಂದು ವೇಳೆ ಲೆಕ್ಕ ಶೇ 90 ಎಂದೋ ಶೇ 35 ಎಂದೋ ಹೇಳಿದ್ದರೆ, ಎಲ್ಲೋ ಒಂದು ಅಂಕಿ ಸುಳ್ಳು ಎಂದರ್ಥ. ಎರಡು ಬೇರೆ ಬೇರೆ ಅಂಕಿಗಳು ಒಂದೇ ವಿಮಾನವನ್ನು ವರ್ಣಿಸುತ್ತಿವೆ ಎಂದು ಹೀಗೆ ಗೊತ್ತಾದಾಗ ಆಗುವ ಸಂತೋಷಕ್ಕೇ ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದು.

ಇಲ್ಲೊಂದು ಅಡ್ಡದಾರಿ ಇದೆ, ಅದರ ಬಗ್ಗೆ ಎಚ್ಚರಿಸಬೇಕು. ಎಚ್‌ಟಿ-2ರ ಹಾಗೆಯೇ ಇರುವ ಇನ್ನೊಂದು ವಿಮಾನ ಡಿ ಹ್ಯಾವಿಲೆಂಡ್ ಚಿಪ್‌ಮಂಕ್. ಅದೂ ಕೆಳರೆಕ್ಕೆ, ಹಿಂದೆಮುಂದೆ ಎರಡು ಆಸನ, ಬಾಲಗಾಲಿ, ರೆಕ್ಕೆಯ ವಿಸ್ತೀರ್ಣವೂ ಹೆಚ್ಚುಕಡಿಮೆ 16 ಚದರ ಮೀಟರೇ. ಚಿಪ್‌ಮಂಕ್‌ನ ಹಾರಾಟದ ಕಡತ ತೆಗೆದುಕೊಂಡು ಮೇಲೆ ಎಚ್‌ಟಿ-2ರ ಮೈ ಹೊದಿಸಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಅಂಕಿಗಳಿಗೆ ಗೊತ್ತಾಗುತ್ತದೆ. ಚಿಪ್‌ಮಂಕ್‌ನ ಎಂಜಿನ್ 145 ಅಶ್ವಶಕ್ತಿಯದು, ಆದರೂ ಅದು ಗಂಟೆಗೆ 222 ಕಿ.ಮೀ. ಮುಟ್ಟುತ್ತದೆ. ಮೇಲಿನ ಲೆಕ್ಕವನ್ನೇ ಅದಕ್ಕೆ ಹಾಕಿದರೆ ತಡೆಯ ಗುಣಾಂಕ 0.038. ಎಚ್‌ಟಿ-2 ಗಾಳಿಯಲ್ಲಿ ಅದಕ್ಕಿಂತ ಕಾಲು ಪಾಲಿನಷ್ಟು ಹೆಚ್ಚು ತಡೆ ಅನುಭವಿಸುವ ವಿಮಾನ. ಎಂಜಿನ್ ನಿಲ್ಲಿಸಿ ತೇಲಿಸಿದರೆ ಬೇಗ ಕೆಳಗಿಳಿಯುತ್ತದೆ, ಮೂಗು ತಗ್ಗಿಸಿದರೆ ವೇಗ ನಿಧಾನವಾಗಿ ಕೂಡುತ್ತದೆ. ಎರವಲು ಕಡತದಲ್ಲಿ ಆ ಸ್ವಭಾವ ಇರುವುದಿಲ್ಲ. ಚಿಪ್‌ಮಂಕ್‌ ಅನ್ನು ಹೋಲಿಸಿ ನೋಡಲು ಇಟ್ಟುಕೊಳ್ಳಿ, ನಕಲು ಹೊಡೆಯಬೇಡಿ.

ತೂಕ ಎಷ್ಟು ಎಂಬುದರಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ಜೆಎಸ್‌ಬಿಸಿಮ್‌ನಲ್ಲಿ ಖಾಲಿ ವಿಮಾನ, ಇಬ್ಬರು ಪೈಲಟ್‌ಗಳು, ಇಂಧನ, ಪ್ರತಿಯೊಂದಕ್ಕೂ ಸ್ಥಾನ ಕೊಡಬೇಕು. ಹಿಂದಕ್ಕೆ, ಬಲಕ್ಕೆ, ಮೇಲಕ್ಕೆ ಎಂಬುದು ಅದರ ದಿಕ್ಕುಗಳ ಕ್ರಮ. ಒಟ್ಟು ಗುರುತ್ವ ಕೇಂದ್ರ ರೆಕ್ಕೆಯ ಅಗಲದ ಕಾಲು ಭಾಗದ ಸುತ್ತಮುತ್ತ ಬೀಳಬೇಕು. ಈ ವಿಮಾನದಲ್ಲಿ ಅಂದರೆ ಸರಾಸರಿ ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು 37 ಸೆಂಟಿಮೀಟರ್ ಹಿಂದೆ. ಅಲ್ಲಿಂದ ಒಂದು ಗೇಣು ಹಿಂದೆ ಸರಿದರೆ ಸಾಕು, ರೆಕ್ಕೆಯ ಅಗಲದ ಶೇ 15ರಷ್ಟು ಸರಿದ ಹಾಗೆ. ವಿಮಾನ ಮೂಗೆತ್ತಿದರೆ ತಾನಾಗಿ ಇಳಿಸುವುದಿಲ್ಲ, ಪೈಲಟ್ ಕೈಯಿಂದ ಜಾರುತ್ತದೆ.

ನೆಲದ ಮೇಲೂ ಈ ಕೇಂದ್ರದ್ದೇ ಆಟ. ಬಾಲಗಾಲಿಯ ವಿಮಾನದಲ್ಲಿ ಮುಖ್ಯ ಗಾಲಿಗಳು ಗುರುತ್ವ ಕೇಂದ್ರಕ್ಕಿಂತ ಮುಂದಿರುತ್ತವೆ. ಇಳಿದು ಓಡುವಾಗ ಮೂಗು ಸ್ವಲ್ಪ ಪಕ್ಕಕ್ಕೆ ತಿರುಗಿತೋ, ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ತಿರುವು ಇನ್ನೂ ಬಿಗಿಯಾಗುತ್ತದೆ, ಕೊನೆಗೆ ವಿಮಾನ ಗಿರಕಿ ಹೊಡೆಯುತ್ತದೆ. ಇದಕ್ಕೆ ಬೇರೆ ಕೋಡ್ ಬರೆಯುವ ಅಗತ್ಯವೇ ಇಲ್ಲ. ಗಾಲಿಯ ಸ್ಥಾನ, ತೂಕದ ಸ್ಥಾನ, ಟೈರಿನ ಪಕ್ಕದ ಹಿಡಿತ ಸರಿಯಾಗಿದ್ದರೆ ಸಿಮ್ಯುಲೇಟರಿನಲ್ಲೂ ಅದೇ ಗಿರಕಿ ಬರುತ್ತದೆ. ಬರದಿದ್ದರೆ ಎಲ್ಲೋ ಸ್ಥಾನ ತಪ್ಪಿದೆ ಎಂದೇ ತಿಳಿಯಬೇಕು. ಆಟ ಸುಲಭವಾಗಲಿ ಎಂದು ಈ ಗುಣವನ್ನು ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ. ತರಬೇತಿ ವಿಮಾನ ಕಲಿಸುತ್ತಿದ್ದದ್ದೇ ಕಾಲಿನಲ್ಲಿ ರಡ್ಡರ್ ಆಡಿಸುತ್ತ ಓಟವನ್ನು ನೇರ ಇಡುವುದನ್ನು.

ಪ್ರೊಪೆಲ್ಲರ್ ತಿರುಗುವ ದಿಕ್ಕನ್ನೂ ಪರೀಕ್ಷಿಸಿಕೊಳ್ಳಬೇಕು. ಅಮೆರಿಕದ ಲೈಕಮಿಂಗ್‌ನಂಥ ಎಂಜಿನ್‌ಗಳು ಪೈಲಟ್ ಕೂತ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತವೆ. ಎಚ್‌ಟಿ-2ರ ಮೊದಲ ಪರೀಕ್ಷಾ ವಿಮಾನದಲ್ಲಿ ಸಿರಸ್ ಮೇಜರ್ ಬದಲಿಗೆ ಇದ್ದ ಬ್ರಿಟಿಷ್ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಅದಕ್ಕೆ ವಿರುದ್ಧ. ದಿಕ್ಕು ಬದಲಾದರೆ ಓಡುವಾಗ ವಿಮಾನ ಎಳೆಯುವ ಪಕ್ಕವೂ ಬದಲಾಗುತ್ತದೆ. ಕಡತದಲ್ಲಿ ಇದು ಒಂದು ಕಳೆಯುವ ಚಿಹ್ನೆಯ ವಿಷಯ, ಆದರೆ ಕಾಲಿಗೆ ಗೊತ್ತಾಗುವುದು ತಕ್ಷಣ.

ಮೇ ತಿಂಗಳ ಬೀದರ್

ಇಷ್ಟೆಲ್ಲ ಲೆಕ್ಕ ಹಾಕಿದ್ದು ಸಮುದ್ರಮಟ್ಟದ, 15 ಡಿಗ್ರಿ ಉಷ್ಣಾಂಶದ ಗಾಳಿಗೆ. ಬೀದರ್ ಇರುವುದು ಸುಮಾರು 660 ಮೀಟರ್ ಎತ್ತರದಲ್ಲಿ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಎಂದಿಟ್ಟುಕೊಳ್ಳಿ. ಎತ್ತರಕ್ಕೆ ಗಾಳಿಯ ಒತ್ತಡ ಇಳಿಯುತ್ತದೆ, ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಎರಡೂ ಸೇರಿ ಸಾಂದ್ರತೆ ಘನ ಮೀಟರಿಗೆ 1.04 ಕಿಲೋಗೆ ಬರುತ್ತದೆ. ಸಮುದ್ರಮಟ್ಟದ ಶೇ 85. ವಿಮಾನದ ಮಟ್ಟಿಗೆ ಇದು 1,660 ಮೀಟರ್ ಎತ್ತರದ ಬೆಟ್ಟದ ಮೇಲಿನ ತಂಪು ಗಾಳಿಗೆ ಸಮ.

ಪರಿಣಾಮ ಏನು? ರೆಕ್ಕೆಯ ಗರಿಷ್ಠ ಎತ್ತುವ ಗುಣಾಂಕವನ್ನು 1.4 ಎಂದು ಹಿಡಿದರೆ, ಸಮುದ್ರಮಟ್ಟದಲ್ಲಿ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಭಾರ ಹೊರಲಾರದೆ ಕೈಬಿಡುವ ವೇಗ ಗಂಟೆಗೆ ಸುಮಾರು 97 ಕಿ.ಮೀ. ಬೀದರಿನ ಆ ಮಧ್ಯಾಹ್ನ ಅದು 105. ವಿಶೇಷ ಏನೆಂದರೆ ವೇಗದ ಮೀಟರ್ ಆಗಲೂ 97 ಅನ್ನೇ ತೋರಿಸುತ್ತದೆ, ಏಕೆಂದರೆ ಆ ಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು, ಅದೂ ತೆಳುವಾಗಿದೆ. ಪೈಲಟ್‌ಗೆ ಮುಳ್ಳು ಎಂದಿನಂತೆಯೇ, ಕೆಳಗಿನ ನೆಲ ಮಾತ್ರ ಬೇಗ ಬೇಗ ಹಿಂದೆ ಸರಿಯುತ್ತಿರುತ್ತದೆ. ಎಂಜಿನ್ನಿಗೂ ಉಸಿರು ಕಡಿಮೆ: 155 ಅಶ್ವಶಕ್ತಿಯಲ್ಲಿ ಸಿಗುವುದು 129ರ ಸುತ್ತಮುತ್ತ. ಹೆಚ್ಚು ವೇಗ ಬೇಕು, ಕಡಿಮೆ ಶಕ್ತಿ ಇದೆ. ನೆಲ ಬಿಡುವ ಮುಂಚಿನ ಓಟ ಶೇ 40ರಷ್ಟು ಉದ್ದವಾಗುತ್ತದೆ.

ಮಾದರಿ ಕಟ್ಟಿದವರು ಇದನ್ನು ಕಡತದಲ್ಲಿ ಬರೆಯಬೇಕಾಗಿಲ್ಲ. ಗುಣಾಂಕಗಳು ಸರಿಯಿದ್ದು, ಸಿಮ್ಯುಲೇಟರಿನಲ್ಲಿ ಊರು ಬೀದರ್, ಉಷ್ಣಾಂಶ 40 ಎಂದು ಕೊಟ್ಟರೆ ಓಟ ತಾನೇ ಉದ್ದವಾಗಬೇಕು. ಹಾಗಾಗಿ ನನ್ನ ಪ್ರಕಾರ ಈ ಊರಿನ ಬಿಸಿಲು ಒಂದು ಒಳ್ಳೆಯ ಪರೀಕ್ಷಕ. ಸಮುದ್ರಮಟ್ಟದಲ್ಲಿ ಮಾತ್ರ ಸರಿಯಾಗಿ ಹಾರುವಂತೆ ಅಂಕಿಗಳನ್ನು ಹಿಗ್ಗಿಸಿ ಕುಗ್ಗಿಸಿ ಕೂರಿಸಿದ್ದರೆ ಇಲ್ಲಿ ಗುಟ್ಟು ಬಯಲಾಗುತ್ತದೆ. ಅಂಕಿ ತಿರುಚಿ 'ಹಾರಿಸಿದರೆ ಚೆನ್ನಾಗಿ ಅನಿಸುತ್ತದೆ' ಎನ್ನುವವರೆಗೆ ಹೋಗುವ ಪದ್ಧತಿ ಬಹಳ ಕಡೆ ಇದೆ. ಅನಿಸಿಕೆ ಒಬ್ಬೊಬ್ಬರದು ಒಂದೊಂದು ಥರ, ಜಾಯ್‌ಸ್ಟಿಕ್ ಬದಲಾದರೆ ಅನಿಸಿಕೆಯೂ ಬದಲಾಗುತ್ತದೆ.

ಸದ್ದು, ಮುಳ್ಳುಗಳು

ಸಿರಸ್ ಮೇಜರ್ ನಾಲ್ಕು ಸಿಲಿಂಡರಿನ, ತಲೆಕೆಳಗಾದ ಎಂಜಿನ್. ಕ್ರ್ಯಾಂಕ್ ಮೇಲೆ, ಸಿಲಿಂಡರುಗಳು ಕೆಳಗೆ. ಪ್ರೊಪೆಲ್ಲರ್ ಎತ್ತರದಲ್ಲಿದ್ದು ನೆಲದಿಂದ ದೂರ ಉಳಿಯುತ್ತದೆ, ಮೂಗು ಮೇಲ್ಭಾಗದಲ್ಲಿ ಕಿರಿದಾಗಿ ಪೈಲಟ್‌ಗೆ ದಾರಿ ಕಾಣುತ್ತದೆ. ಇಂಥ ಎಂಜಿನ್‌ಗಳಲ್ಲಿ ನಿಂತ ಎಣ್ಣೆ ಸಿಲಿಂಡರಿನ ತಲೆಗೆ ಇಳಿದಿರುವ ಸಾಧ್ಯತೆ ಇರುವುದರಿಂದ, ಚಾಲೂ ಮಾಡುವ ಮುಂಚೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುವ ರೂಢಿ. ಮಾದರಿಯಲ್ಲಿ ಇದನ್ನೂ ಒಂದು ಹಂತವಾಗಿ ಇಡಬಹುದು.

ಸದ್ದಿಗೆ ಒಂದು ಲೆಕ್ಕ ಸಾಕು. ನಾಲ್ಕು ಸಿಲಿಂಡರ್, ನಾಲ್ಕು ಹೊಡೆತದ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 80 ಸಿಡಿತ. ಎರಡು ಅಲಗಿನ ಪ್ರೊಪೆಲ್ಲರ್ ಕೂಡ ಸೆಕೆಂಡಿಗೆ 80 ಸಲವೇ ಗಾಳಿಯನ್ನು ಹೊಡೆಯುತ್ತದೆ. ಎರಡು ಸದ್ದು ಒಂದರ ಮೇಲೊಂದು ಕೂತು ಆ ಕಾಲದ ಸಣ್ಣ ವಿಮಾನಗಳ ದಪ್ಪ ಗೊರಗೊರ ಹುಟ್ಟುವುದು ಹೀಗೆ. ನಿಧಾನ, ಮಧ್ಯಮ, ಪೂರ್ಣ ಸುತ್ತುಗಳ ಧ್ವನಿಮುದ್ರಣಗಳನ್ನು ಬೇರೆ ಬೇರೆ ಇಟ್ಟು, ಒಂದರಿಂದ ಒಂದಕ್ಕೆ ಕರಗುವಂತೆ ಮಾಡಿದರೆ ಕೇಳಲು ನಂಬಿಕೆ ಬರುತ್ತದೆ. ಒಂದೇ ಮುದ್ರಣವನ್ನು ಹಿಗ್ಗಿಸಿದರೆ ಹೊಲಿಗೆ ಮಷಿನ್ನಿನ ಸದ್ದಾಗುತ್ತದೆ.

ಮುಳ್ಳುಗಳ ಬಗ್ಗೆ ಒಂದೇ ಮಾತು: ಘಟಕಗಳನ್ನು ಆ ಕಾಲದ್ದೇ ಇಡಿ. ಸಿಮ್ಯುಲೇಟರ್ ಒಳಗೆ ನಾಟ್‌ನಲ್ಲಿ (ಗಂಟೆಗೆ ನಾಟಿಕಲ್ ಮೈಲಿ) ಲೆಕ್ಕ ಹಾಕುತ್ತಿದ್ದು, ಮೀಟರಿನ ಮುಖದಲ್ಲಿ ಗಂಟೆಗೆ ಮೈಲಿ ಬರೆದಿದ್ದರೆ, ನಡುವೆ 1.15ರಿಂದ ಗುಣಿಸುವುದನ್ನು ಮರೆತ ಮಾದರಿ ಹೊರಗಿನಿಂದ ಎಷ್ಟು ಚೆಂದವಿದ್ದರೂ ಉಪಯೋಗಕ್ಕೆ ಬಾರದು.

ಉಚಿತ ಎಂದರೆ ಎಷ್ಟು ಉಚಿತ

ಕಾಸಿಲ್ಲದೆ ಕೊಡುವುದು ಒಂದು, ತೆರೆದು ಕೊಡುವುದು ಇನ್ನೊಂದು. ಕಾಸಿಲ್ಲದ ಮಾದರಿಯನ್ನು ನೀವು ಹಾರಿಸಬಹುದು, ತಿದ್ದುವ ಹಕ್ಕು ಇರದೇ ಇರಬಹುದು. ಮಾಡಿದವರು ಆಸಕ್ತಿ ಕಳೆದುಕೊಂಡರೆ, ಸಿಮ್ಯುಲೇಟರಿನ ಮುಂದಿನ ಆವೃತ್ತಿ ಬಂದ ದಿನ ಆ ವಿಮಾನ ಅಲ್ಲೇ ನಿಂತುಬಿಡುತ್ತದೆ. ಫ್ಲೈಟ್‌ಗಿಯರ್‌ನ ಅಧಿಕೃತ ವಿಮಾನ ಭಂಡಾರ ಜಿಪಿಎಲ್ ಪರವಾನಗಿಯನ್ನು ಕೇಳುವುದು ಅದಕ್ಕೇ: ಯಾರು ಬೇಕಾದರೂ ಬಳಸಲಿ, ತಿದ್ದಲಿ, ತಿದ್ದಿದ್ದನ್ನು ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಲಿ. ನನ್ನ ಒಲವು ಪೂರ್ತಿ ಇದರ ಕಡೆಗೆ.

ಆದರೆ ತೆರೆದು ಕೊಡಬೇಕಾದರೆ ಒಳಗಿರುವ ಪ್ರತಿಯೊಂದೂ ನಿಮ್ಮದಾಗಿರಬೇಕು ಅಥವಾ ಹಂಚಲು ಒಪ್ಪಿಗೆ ಇರುವಂಥದ್ದಾಗಿರಬೇಕು. ಬೇರೆಯವರ ಫೋಟೋದಿಂದ ಕತ್ತರಿಸಿ ಅಂಟಿಸಿದ ಮೀಟರಿನ ಮುಖ, ಮಾರಾಟದ ವಿಮಾನದಿಂದ ಎತ್ತಿದ ಸದ್ದು, ಇಂಥ ಒಂದು ಸಣ್ಣ ಕಡತ ಇದ್ದರೂ ಇಡೀ ಮಾದರಿಯನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಫೋಟೋ ನೋಡಿ ಕಲಿಯುವುದು ಸರಿ, ಫೋಟೋವನ್ನೇ ಒಳಗೆ ಹಾಕುವುದು ತಪ್ಪು. ಬ್ಲೆಂಡರಿನ ಮೂಲ ಕಡತ, ಬಣ್ಣದ ಪದರಗಳಿರುವ ಮೂಲ ಚಿತ್ರ ಎರಡನ್ನೂ ಜೊತೆಗೇ ಕೊಡಿ. ಅವಿಲ್ಲದಿದ್ದರೆ ತಿದ್ದುವ ಹಕ್ಕು ಕಾಗದದ ಮೇಲೆ ಮಾತ್ರ ಇರುತ್ತದೆ.

ಹೊರಬಿಡುವ ಮುಂಚೆ ಒಂದು ಪೂರ್ತಿ ಹಾರಾಟ ಮಾಡಬೇಕು. ನಾನು ಆರಿಸಿಕೊಳ್ಳುವುದು ಬೀದರಿನಿಂದ ಕಲಬುರಗಿಗೆ. 2019ರ ನವೆಂಬರಿನಲ್ಲಿ ತೆರೆದ ಕಲಬುರಗಿ ವಿಮಾನ ನಿಲ್ದಾಣ ನೇರ ದಾರಿಯಲ್ಲಿ 90 ಕಿಲೋಮೀಟರಿಗೆ ತುಸು ಕಡಿಮೆ, ನೈರುತ್ಯಕ್ಕೆ. ಗಂಟೆಗೆ 185 ಕಿ.ಮೀ. ಪ್ರಯಾಣದ ವೇಗದಲ್ಲಿ ಅರ್ಧ ಗಂಟೆಯೊಳಗೆ ಮುಗಿಯಬೇಕು. ಬಲಗಡೆ ದೂರದಲ್ಲಿ ಕಾರಂಜಾ ಜಲಾಶಯದ ನೀರು ಹಿಂದೆ ಸರಿಯುವ ಹೊತ್ತಿಗೆ ಇಂಧನದ ಮುಳ್ಳು, ಎಣ್ಣೆಯ ಉಷ್ಣಾಂಶ, ಕೈಬಿಟ್ಟರೆ ವಿಮಾನ ನೇರ ಹೋಗುತ್ತದೆಯೇ ಎಂಬುದು ಎಲ್ಲ ಗೊತ್ತಾಗಿರುತ್ತದೆ. ಐದು ನಿಮಿಷದ ಸುತ್ತುಗಳಲ್ಲಿ ಬಯಲಾಗದ ದೋಷಗಳು ಇಂಥ ಬೇಸರದ ನೇರ ಹಾರಾಟದಲ್ಲಿ ಬಯಲಾಗುತ್ತವೆ. ಗಂಟೆಗೆ ಎಷ್ಟು ಇಂಧನ ಸುಡುತ್ತಿದೆ ಎಂದು ಬರೆದುಕೊಳ್ಳಿ, 563 ಕಿ.ಮೀ. ಎಂದು ಪ್ರಕಟವಾಗಿರುವ ಹಾರಾಟದ ದೂರಕ್ಕೆ ಅದು ಹೊಂದುತ್ತದೆಯೇ ನೋಡಿ. ಮತ್ತೊಂದು ತಾಳೆ ಅಲ್ಲಿ ಸಿಗುತ್ತದೆ.

ಕೊನೆಗೆ ಮಾದರಿಯ ಜೊತೆ ಒಂದು ಪಠ್ಯ ಕಡತ ಹೋಗಬೇಕು, ಕನ್ನಡದಲ್ಲೇ ಬರೆದರೂ ಆಗುತ್ತದೆ, ಇಂಗ್ಲಿಷಿನಲ್ಲೂ ಇದ್ದರೆ ಒಳ್ಳೆಯದು. ಅದರಲ್ಲಿ ಅಂಕಿಗಳನ್ನು ಮೂರು ಗುಂಪಾಗಿ ಬರೆಯಿರಿ. 10.72 ಮೀಟರ್, 1,016 ಕಿಲೋ ಮುಂತಾದವು ಪ್ರಕಟವಾದವು. 0.043 ಎಂಬ ತಡೆ ಲೆಕ್ಕದಿಂದ ಬಂದದ್ದು, ಲೆಕ್ಕದ ಸಾಲುಗಳೂ ಜೊತೆಗಿರಲಿ. ಶೇ 80ರ ಪ್ರೊಪೆಲ್ಲರ್ ದಕ್ಷತೆ, 1.4ರ ಎತ್ತುವ ಗುಣಾಂಕ ಅಂದಾಜಿನವು. ಎಚ್‌ಟಿ-2ರಲ್ಲಿ ತರಬೇತಿ ಪಡೆದವರು, ಅದರ ಎಂಜಿನ್ ಬಿಚ್ಚಿ ಜೋಡಿಸಿದವರು ಬೀದರಿನಲ್ಲೂ ಬೇರೆ ಊರುಗಳಲ್ಲೂ ಇದ್ದಾರೆ, ಕೆಲವರ ಟ್ರಂಕಿನಲ್ಲಿ ಹಳೆಯ ಕೈಪಿಡಿಯೂ ಇರಬಹುದು. ಅವರಲ್ಲಿ ಯಾರಾದರೂ ಕಡತ ಓದಿ, ಸ್ಟಾಲ್ ಆಗುತ್ತಿದ್ದದ್ದು ಇನ್ನೂ ಕಡಿಮೆ ವೇಗಕ್ಕೆ ಎಂದರೆ, ಮೂರನೆಯ ಗುಂಪಿನ ಒಂದು ಸಾಲನ್ನು ತಿದ್ದಿ, ತಿದ್ದಿದವರ ಹೆಸರು ಸೇರಿಸಿ, ಮುಂದಿನ ಆವೃತ್ತಿಯನ್ನು ಹೊರಬಿಟ್ಟರಾಯಿತು.